ಕೊಳತ್ತೂರಿನ ವೈದ್ಯರು ಹೇಳಿದ ಸುಳ್ಳು

"ಎಣ್ಣೆ ಹಚ್ಚಬೇಡಿ. ಆ ಬಟ್ಟಲು ಕೆಳಗಿಡಿ."

ಬಾಗಿಲಲ್ಲಿ ನಿಂತವನ ದನಿ ಕೇಳಿ ಜಯಪ್ರಿಯಾಳ ಕೈ ಹಾಗೇ ನಿಂತಿತು. ಬೆರಳ ತುದಿಯಿಂದ ಬಿಸಿ ಎಣ್ಣೆಯ ಹನಿಯೊಂದು ಜಾರಿ ಅವಳ ಪಾದದ ಮೇಲೆ ಬಿತ್ತು. ಸುಟ್ಟಿತು. ಆದರೂ ಅವಳು ಕದಲಲಿಲ್ಲ.

"ನೀವ್ಯಾರು?"

"ರಘುನಾಥ. ಕೊಳತ್ತೂರು ಬಸ್‌ಸ್ಟ್ಯಾಂಡ್ ಹತ್ರ ಹೊಸ ಆಯುರ್ವೇದ ಕ್ಲಿನಿಕ್ ಐತಲ್ಲ, ಅಲ್ಲಿನ ಡಾಕ್ಟರ್. ಅಮ್ಮನೇ ಫೋನ್ ಮಾಡಿ ಕರೆಸಿದ್ರು."

ಕಬ್ಬಿಣದ ಮಂಚದ ಮೇಲಿದ್ದ ಅತ್ತೆ ಪಾಪಮ್ಮ ನರಳುತ್ತಾ ತಲೆಯಾಡಿಸಿದಳು. "ನಾನೇ ಕರೆಸ್ದೆ ಕಣವ್ವ. ವಲಿ, ಈ ನೋವು ತಡಿಯಕಾಗಾಕಿಲ್ಲ."

ಅವನು ಚಪ್ಪಲಿ ಬಿಟ್ಟು ಒಳಬಂದು, ಪಾಪಮ್ಮನ ಊದಿದ ಮೊಣಕಾಲಿನ ಮೇಲೆ ಅಂಗೈ ಇಟ್ಟು ನೋಡಿದ. ನಾಲಿಗೆ ನೋಡಿದ. ಹಸಿವು ಆಗುತ್ತದೆಯೇ, ಬೆಳಿಗ್ಗೆ ಎದ್ದಾಗ ಕೀಲುಗಳು ಬಿಗಿಯುತ್ತವೆಯೇ ಎಂದು ಕೇಳಿದ.

"ಆಯುರ್ವೇದ ಡಾಕ್ಟರ್ ಆಗಿ ನೀವೇ ಎಣ್ಣೆ ಬೇಡ ಅಂತೀರಾ?" ಜಯಪ್ರಿಯಾಳ ಮಾತಿನಲ್ಲಿ ಸಿಟ್ಟಿತ್ತು. ಎಷ್ಟು ಕಾಲದಿಂದ ಅವಳು ಈ ಕಾಲುಗಳಿಗೆ ಎಣ್ಣೆ ತಿಕ್ಕಿದ್ದಳು... ಅದೆಲ್ಲ ದಂಡವೇ?

"ಎಲ್ಲ ನೋವಿಗೂ ಎಣ್ಣೆ ಅಲ್ಲ ರೀ. ತಿಂದಿದ್ದು ಹೊಟ್ಟೇಲಿ ಸರಿಯಾಗಿ ಬೇಯ್ದೆ ಹೋದ್ರೆ ಅಂಟು ಅಂಟಾಗಿ ಉಳೀತದೆ. ಅದಕ್ಕೆ ಆಮ ಅಂತೀವಿ. ಅದು ಕೀಲಿಗೆ ಬಂದು ಕೂತ್ರೆ ಹಿಂಗೆ ಊತ, ಬಿಗಿತ. ಅಂಟಿನ ಮೇಲೆ ಎಣ್ಣೆ ಹಚ್ಚಿದ್ರೆ ಅಂಟು ಹೋಗ್ತದಾ? ಮೊದ್ಲು ಹೊಟ್ಟೆಯ ಬೆಂಕಿ ಸರಿ ಮಾಡ್ಬೇಕು. ಕಾಲಿಗೆ ಒಣ ಶಾಖ ಕೊಡ್ಬೇಕು."

"ಎಂಥ ಶಾಖ?"

"ಮರಳು. ಮೆಟ್ಟೂರು ಡ್ಯಾಂ ಅಂಚಿನ ಮರಳು ತಂದು, ಒಣಗಿಸಿ, ಹುರಿದು, ಬಟ್ಟೇಲಿ ಗಂಟು ಕಟ್ಟಿ ಒತ್ತಿ. ಮೆಟ್ಟೂರು ಆಸ್ಪತ್ರೆಯ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ಒಂದು ರಕ್ತಪರೀಕ್ಷೆನೂ ಮಾಡಿಸೋಣ." ಅವನು ಎದ್ದು ನಿಂತ. ಆಗ ಅವನ ಕಣ್ಣು ಅವಳ ಪಾದದ ಮೇಲೆ ಬಿತ್ತು. "ನಿಮ್ಮ ಕಾಲು ಸುಟ್ಟೈತೆ. ಅದಕ್ಕೆ ತಣ್ಣೀರು ಹಾಕ್ಕೊಳ್ಳಿ."

ಅವನು ಹೋದ ಮೇಲೂ ಜಯಪ್ರಿಯಾ ಅಲ್ಲೇ ನಿಂತಿದ್ದಳು. ಈ ಮನೆಯಲ್ಲಿ ತನ್ನ ಕಾಲನ್ನು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತು...

* * *

ಡ್ಯಾಂ ಅಂಚಿಗೆ ಹೋಗಿ ಮರಳು ತರಬೇಕು. ಅಷ್ಟಕ್ಕಾದರೂ ಹೊರಗೆ ಹೋಗಲು ಸಿಕ್ಕಿತಲ್ಲ ಎಂದು ಅವಳ ಮನಸ್ಸು ಹಗುರಾಯಿತು.

ಗಂಡ ಮುನಿರಾಜ್ ಲಾರಿ ಓಡಿಸುತ್ತಿದ್ದ. ಮದುವೆಯಾಗಿ ವರ್ಷ ತುಂಬುವುದರೊಳಗೆ ತೊಪ್ಪೂರು ಘಾಟಿನಲ್ಲಿ ಲಾರಿ ಉರುಳಿ ಹೋಗಿಬಿಟ್ಟ. ಅಂದಿನಿಂದ ಈ ಮನೆಯಲ್ಲಿ ಉಳಿದವರು ಇಬ್ಬರೇ, ಅತ್ತೆ ಪಾಪಮ್ಮ ಮತ್ತು ಸೊಸೆ ಜಯಪ್ರಿಯಾ. ಮಗನ ತಿಥಿ ಮುಗಿಯುತ್ತಿದ್ದಂತೆ ಪಾಪಮ್ಮನ ಕಾಲುಗಳೂ ಬಿದ್ದುಹೋದವು.

ಕಾರಿಮಂಗಲದ ತವರಿಗೆ ಫೋನ್ ಮಾಡಿದರೆ ಅಪ್ಪ ಚಿಕ್ಕಣ್ಣ ಹೇಳುವುದು ಒಂದೇ ಮಾತು. "ಅಲ್ಲೇ ಇರವ್ವ. ಆ ಮುದುಕಿಗೆ ಯಾರವ್ರೆ? ಬಿಟ್ಟು ಬಂದ್ರೆ ಊರೋರು ಏನಂತಾರೆ?"

ಮದುವೆಗೆ ಮೊದಲು ಜಯಪ್ರಿಯಾ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದ್ದಳು. ಆ ಸರ್ಟಿಫಿಕೇಟು ಬೀರುವಿನಲ್ಲಿ ಮದುವೆ ಸೀರೆಯ ಕೆಳಗಿತ್ತು.

ಅವಳು ಕಣ್ಮರೆಯಾದರೆ ಸಾಕು, ಪಾಪಮ್ಮ ಸ್ಟೀಲ್ ಲೋಟದಿಂದ ಮಂಚದ ಕಾಲಿಗೆ ಬಡಿಯುತ್ತಿದ್ದಳು. ಟಣ್... ಟಣ್... ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗಲೂ ಟಣ್. ಸ್ನಾನಕ್ಕೆ ನಿಂತರೂ ಟಣ್. ಒಮ್ಮೊಮ್ಮೆ ಅತ್ತೆ ನಿದ್ದೆಯಲ್ಲಿದ್ದಾಗಲೂ ಆ ಸದ್ದು ಕಿವಿಯಲ್ಲಿ ಕೇಳಿಸುತ್ತಿತ್ತು.

'ಅತ್ತೆ ಕೆಟ್ಟವಳಲ್ಲ' ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಹೊರಡಬಹುದಿತ್ತು. ಮಗನನ್ನು ಕಳೆದುಕೊಂಡ, ನಡೆಯಲಾರದ ಮುದುಕಿಯೊಂದಿಗೆ ಜಗಳವಾಡುವುದು ಹೇಗೆ?

* * *

ರಘುನಾಥ ವಾರಕ್ಕೊಮ್ಮೆ ಬರತೊಡಗಿದ. ತಮಿಳುನಾಡಿನದೇ ಪಾಪಿರೆಡ್ಡಿಪಟ್ಟಿಯ ಕನ್ನಡದವರ ಮನೆಯ ಹುಡುಗ. ಕರ್ನಾಟಕದಲ್ಲಿ ಓದಿ ಬಂದವನು. ಪಾಪಮ್ಮನ ಕಾಲು ನೋಡಿದ ಮೇಲೆ ಜಗಲಿಯಲ್ಲಿ ಕೂತು, ಪಥ್ಯ ಹೇಳುವ ನೆಪದಲ್ಲಿ ಮಾತು ಬೆಳೆಸುತ್ತಿದ್ದ. ಜಯಪ್ರಿಯಾ ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ವಾತ, ಪಿತ್ತ, ಕಫ ಅಂತೀರಲ್ಲ... ನಾನು ಮೈಕ್ರೋಸ್ಕೋಪಲ್ಲಿ ರಕ್ತ ನೋಡ್ದೋಳು. ಅದ್ರಲ್ಲಿ ವಾತ ಎಲ್ಲೈತೆ? ನಂಗೆ ಯಾವತ್ತೂ ಕಂಡಿಲ್ಲ."

ಅವನಿಗೆ ಸಿಟ್ಟು ಬರಲಿಲ್ಲ. ಬದಲಿಗೆ ಮುಖ ಅರಳಿತು.

"ಕಾಣಲ್ಲ. ಅದು ವಸ್ತು ಅನ್ನೋದಕ್ಕಿಂತ ಕೆಲಸದ ಹೆಸರು ಅನ್ಕೊಳ್ಳಿ. ಮೈಯಲ್ಲಿ ಚಲಿಸೋದೆಲ್ಲ ವಾತ. ಉಸಿರು, ರೆಪ್ಪೆ, ಮನಸ್ಸಿನ ಓಟ, ಎಲ್ಲ. ಬೇಯಿಸೋದು, ಅರಗಿಸೋದು ಪಿತ್ತ. ಕಟ್ಟಿ ಹಿಡ್ಕೊಳ್ಳೋದು ಕಫ. ಮೂರೂ ಬೇಕು. ಒಂದು ಮಿಕ್ಕಿದ್ರೆ ತೊಂದರೆ."

"ಮಿಕ್ಕಿದ್ರೆ ಏನ್ ಮಾಡ್ತೀರಿ?"

"ಒಂದೇ ಥರದ್ದು ಸೇರಿದ್ರೆ ಹೆಚ್ಚಾಗ್ತದೆ. ಎದುರಾದದ್ದು ಸೇರಿದ್ರೆ ತಗ್ಗ್ತದೆ. ಚಳಿಗೆ ಬಿಸಿ, ಒಣಗಿದ್ದಕ್ಕೆ ಜಿಡ್ಡು, ಭಾರಕ್ಕೆ ಹಗುರ. ಇಷ್ಟೇ ಸೂತ್ರ. ಆದ್ರೆ ಒಬ್ಬೊಬ್ಬರ ಪ್ರಕೃತಿ ಒಂದೊಂದು ಥರ. ಕಾಯಿಲೆ ಒಂದೇ ಆದ್ರೂ ಔಷಧಿ ಒಂದೇ ಆಗಲ್ಲ. ಅದಕ್ಕೇ ಮೊದ್ಲು ಆಳನ್ನ ನೋಡು, ಆಮೇಲೆ ರೋಗ ನೋಡು ಅಂತ ಕಲಿಸ್ತಾರೆ."

"ಪರವಾಯಿಲ್ಲೆ," ಎಂದಳು ಜಯಪ್ರಿಯಾ. ತಮಿಳಿನ ಆ ಮಾತಿನ ಜೊತೆಗೆ ತನ್ನ ತುಟಿಯಲ್ಲಿ ನಗು ಬಂದದ್ದು ಅವಳಿಗೇ ಆಶ್ಚರ್ಯ.

ಒಳಗಿನಿಂದ ಟಣ್ ಎಂದಿತು. ಅವಳು ಓಡಿದಳು.

ಹೀಗೇ ನಡೆಯಿತು. ಅವನು ಆರು ರುಚಿಗಳ ಬಗ್ಗೆ ಹೇಳಿದ. ಸಿಹಿ ಕಟ್ಟುತ್ತದೆ, ಕಹಿ ಕರಗಿಸುತ್ತದೆ ಎಂದ. ಅವಳು ಎದುರು ವಾದಿಸಿದಳು. ಅವಳ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಓದ್ಕೊಂಡು ಬರ್ತೀನಿ" ಎನ್ನುತ್ತಿದ್ದ. ಅದು ಅವಳಿಗೆ ಎಲ್ಲಕ್ಕಿಂತ ಹಿಡಿಸಿತು.

ಒಮ್ಮೆ ಅವನು ಬಂದಾಗ ಅವಳು ಒಲೆ ಮುಂದೆ ಮರಳು ಹುರಿಯುತ್ತಿದ್ದಳು. ಅಂದು ಮುನಿರಾಜ್ ಹುಟ್ಟಿದ ದಿನ. ಅತ್ತೆಯ ಎದುರು ಅಳುವಂತಿಲ್ಲ, ಅತ್ತರೆ ಅವಳೂ ಅಳುತ್ತಾಳೆ.

ರಘುನಾಥ ಅವಳ ಮುಖ ನೋಡಿ ಅಡುಗೆಮನೆಯ ಹೊಸ್ತಿಲಾಚೆಯೇ ನಿಂತ.

"ತಡೀಬಾರದು ಅಂತ ಕೆಲವು ಐತೆ," ಎಂದ ಮೆಲ್ಲಗೆ. "ಹಸಿವು, ನಿದ್ದೆ, ಸೀನು, ಆಕಳಿಕೆ... ಅದರ ಸಾಲಲ್ಲಿ ಕಣ್ಣೀರೂ ಐತೆ. ತಡೆದ್ರೆ ಕಾಯಿಲೆ ಬರ್ತದೆ ಅಂತ ಹಿಂದಿನೋರು ಬರೆದಿಟ್ಟವ್ರೆ."

ಅವಳು ಬಾಣಲೆ ಇಳಿಸಿದಳು. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮನೆಯೊಳಗೆ ಲೋಟ ಟಣ್ ಎಂದಿತು, ಮತ್ತೆ ಟಣ್ ಎಂದಿತು. "ಇರಿ ಅಮ್ಮ, ನಾನಿದ್ದೀನಿ. ಏನು ಬೇಕು?" ಎಂದು ಅವನ ದನಿ ಕೇಳಿಸಿತು. ಅವಳು ಎದ್ದು ಓಡಲಿಲ್ಲ. ಸಾಕಾಗುವವರೆಗೂ ಅತ್ತಳು.

ಅವತ್ತಿನಿಂದ ಅವನು ಬರುವ ದಿನ ಅವಳು ತಲೆಗೆ ಹೂ ಮುಡಿಯದಿದ್ದರೂ, ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಲ್ಲುತ್ತಿದ್ದಳು. 'ಇದು ಸರಿಯಲ್ಲ...' ಎಂದುಕೊಳ್ಳುತ್ತಿದ್ದಳು. ಮತ್ತೆ ನಿಲ್ಲುತ್ತಿದ್ದಳು.

* * *

ಬೇಸಿಗೆ ಕಳೆಯುವ ಹೊತ್ತಿಗೆ ಸೇಲಂನಿಂದ ಗೆಳತಿ ರೋಜಾಳ ಫೋನ್ ಬಂತು.

"ಜಯಾ, ನಮ್ಮ ಲ್ಯಾಬಲ್ಲಿ ಒಂದು ಪೋಸ್ಟ್ ಖಾಲಿ ಐತೆ. ನಿನ್ನ ಹೆಸರು ಹೇಳಿವ್ನಿ. ಹಾಸ್ಟೆಲಲ್ಲಿ ನನ್ನ ರೂಮಲ್ಲೇ ಇರು. ಸೀಕ್ರಂ, ಬೇಗ ಹೇಳು, ಬೇರೆಯವ್ರನ್ನ ತಗೊಂಬಿಡ್ತಾರೆ."

ಜಯಪ್ರಿಯಾ ಬೀರು ತೆರೆದು ಸರ್ಟಿಫಿಕೇಟನ್ನು ಮತ್ತೆ ನೋಡಿದಳು. ರಘುನಾಥ ಬಂದಾಗ ಅತ್ತೆಯ ಮಂಚದ ಪಕ್ಕದಲ್ಲೇ, ಅತ್ತೆಗೆ ಬೆನ್ನು ಮಾಡಿ ನಿಂತು ಕೇಳಿದಳು.

"ಡಾಕ್ಟರ್, ನಿಜ ಹೇಳಿ. ಅತ್ತೆನ ಒಬ್ಬರನ್ನೇ ಬಿಟ್ಟು ನಾನು ಸೇಲಂಗೆ ಕೆಲಸಕ್ಕೆ ಹೋಗ್ಬಹುದಾ? ವಾರಕ್ಕೊಂದ್ಸಲ ಬಂದು ನೋಡ್ಕೊತೀನಿ. ಅವರ ಕೈಲಿ ಎದ್ದು ಓಡಾಡೋಕೆ ಆಗ್ತದಾ?"

ಅವನ ನೋಟ ಅವಳ ಭುಜದಾಚೆ ಪಾಪಮ್ಮನ ಮೇಲೆ ನಿಂತಿತು. ಆಮೇಲೆ ನೆಲ ನೋಡಿದ.

"ಇನ್ನೂ ಸ್ವಲ್ಪ ದಿನ ನೋಡೋಣ," ಎಂದ. "ಈಗ್ಲೇ... ಕಷ್ಟ."

"ಸರಿ," ಎಂದಳು. ಅಷ್ಟೇ. ರೋಜಾಳಿಗೆ ಬರುವುದಿಲ್ಲವೆಂದು ಹೇಳಿದಳು. ಮರುದಿನದಿಂದ ಮತ್ತೆ ಮರಳು, ಗಂಜಿ, ಬಚ್ಚಲು, ಟಣ್. ಈಗ ಮನೆಯ ಗೋಡೆಗಳು ಇನ್ನೂ ಹತ್ತಿರ ಬಂದಂತೆ ಇದ್ದವು. ಆಸೆಯೇ ಇಲ್ಲದಿದ್ದಾಗ ತಡೆದುಕೊಂಡಿದ್ದ ಬದುಕು, ಒಮ್ಮೆ ಆಸೆ ಹುಟ್ಟಿ ಸತ್ತ ಮೇಲೆ ಉಸಿರು ಕಟ್ಟಿಸುತ್ತಿತ್ತು.

ಕೆಲವೇ ದಿನಗಳಲ್ಲಿ ಅವಳು ರೇಷನ್ ಅಂಗಡಿಗೆ ಹೋದಳು. ಮಷೀನ್ ಕೆಟ್ಟಿದೆಯೆಂದು ಅಂಗಡಿ ಮುಚ್ಚಿತ್ತು. ಬೇಗ ವಾಪಸಾಗಿ, ಹಿತ್ತಲ ಕಡೆಯಿಂದ ಒಳಬಂದಳು.

ಪಾಪಮ್ಮ ನುಗ್ಗೆಮರದ ಕೆಳಗಿನ ಕಲ್ಲುಕಟ್ಟೆಯ ಮೇಲೆ ನಿಂತಿದ್ದಳು. ತುದಿಗಾಲಿನಲ್ಲಿ. ಕೈಯಲ್ಲಿ ದೋಟಿ. ಸೊಪ್ಪಿನ ಕೊಂಬೆಯನ್ನು ಎಳೆದು ಮುರಿದು, ಸಲೀಸಾಗಿ ಕೆಳಗಿಳಿದು, ಬಗ್ಗಿ ಅದನ್ನು ಎತ್ತಿಕೊಂಡಳು.

ಬಗ್ಗಿದವಳು ಮೇಲೇಳುವಾಗ ಸೊಸೆಯನ್ನು ಕಂಡಳು. ಸೊಪ್ಪು ಕೈಜಾರಿತು.

ಜಯಪ್ರಿಯಾ ಖಾಲಿ ರೇಷನ್ ಚೀಲವನ್ನು ಕೆಳಗಿಟ್ಟಳು.

"ಯಾವಾಗಿಂದ ಅತ್ತೆ?"

"ಇವತ್ತೇ ಕಣವ್ವ... ಸುಮ್ನೆ ನೋಡಾಣ ಅಂತ..."

"ಯಾವಾಗಿಂದ?"

ಪಾಪಮ್ಮ ಕಟ್ಟೆಯ ಮೇಲೆ ಕುಸಿದಳು. "ಆ ಪೋನು ಬರಕ್ ಮುಂಚಿಂದ. ಡಾಕ್ಟ್ರಿಗೂ ಗೊತ್ತು. ನಾನೇ ನಿಂಗೆ ಏಳ್ಬ್ಯಾಡ ಅಂತ ಕೈ ಮುಗ್ದೆ."

ಡಾಕ್ಟರಿಗೂ ಗೊತ್ತು. ಆ ಒಂದು ಮಾತು ಜಯಪ್ರಿಯಾಳನ್ನು ನಿಂತಲ್ಲೇ ತಣ್ಣಗಾಗಿಸಿತು. ಅತ್ತೆಯ ಭಯ ಅರ್ಥವಾಗುತ್ತದೆ. ಆದರೆ ಅವನು? ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಿದ್ದ ಅವನು?

ಅವಳು ಬೀರು ತೆರೆದು ಸರ್ಟಿಫಿಕೇಟನ್ನು ಬ್ಯಾಗಿಗೆ ಹಾಕಿಕೊಂಡಳು. ನಾಲ್ಕು ಬಟ್ಟೆ ತುಂಬಿಕೊಂಡಳು. ಪಾಪಮ್ಮ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ಅಳುತ್ತಾ ಗೋಡೆಗೆ ಒರಗಿದ್ದಳು. "ಓಗ್ತೀಯಾ?" ಎಂದಷ್ಟೇ ಕೇಳಿದಳು.

"ಹೋಗ್ತೀನಿ ಅತ್ತೆ."

ಬಸ್‌ಸ್ಟ್ಯಾಂಡಿನಲ್ಲಿ ರಘುನಾಥ ಅವಳನ್ನು ಕಂಡು ಕ್ಲಿನಿಕ್ಕಿನಿಂದ ಎದ್ದು ಬಂದ. ಬ್ಯಾಗನ್ನು ನೋಡಿದ. ಏನಾಯಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಜಯಪ್ರಿಯಾ ಅವ್ರೇ..."

"ಅತ್ತೆ ನನ್ನನ್ನ ಕಟ್ಟಿ ಹಾಕಿದ್ರು, ಒಪ್ಕೊತೀನಿ. ಅವರಿಗೆ ಯಾರೂ ಇಲ್ಲ. ನಿಮಗೇನಾಗಿತ್ತು? ನಿಮ್ಮ ಒಂದು ಮಾತು ನಂಬಿ ನಾನು ನನ್ನ ಕೆಲಸ ಬಿಟ್ಟೆ."

"ನಾನು ಮಾಡಿದ್ದು ತಪ್ಪು," ಎಂದ. "ಅದಕ್ಕೆ ಕಾರಣ ಹೇಳಿದ್ರೆ ಅದೂ ನಿಮ್ಮನ್ನ ಕಟ್ಟಿ ಹಾಕ್ದಂಗೆ ಆಗ್ತದೆ. ಹೇಳಲ್ಲ. ನೀವಾಗೇ ಕರೆಯೋವರೆಗೂ ನಿಮ್ಮ ಮುಂದೆ ಬರಲ್ಲ."

ಬಸ್ಸು ಹೊರಟಿತು. ಅವಳು ಹಿಂದಿರುಗಿ ನೋಡಲಿಲ್ಲ. ಮೆಟ್ಟೂರು ದಾಟುವವರೆಗೂ ಕಿಟಕಿಯ ಕಂಬಿಯನ್ನು ಬಿಗಿಯಾಗಿ ಹಿಡಿದೇ ಕೂತಿದ್ದಳು.

* * *

ರೋಜಾಳ ಲ್ಯಾಬಿನ ಜಾಗ ಆಗಲೇ ಭರ್ತಿಯಾಗಿತ್ತು. ಜಯಪ್ರಿಯಾಳಿಗೆ ಬೇರೊಂದು ಲ್ಯಾಬಿನಲ್ಲಿ, ಮನೆಮನೆಗೆ ಹೋಗಿ ರಕ್ತ ತೆಗೆದು ತರುವ ಕೆಲಸ ಸಿಕ್ಕಿತು. ಬೆಳಗಾಗುತ್ತಲೇ ಸ್ಕೂಟರಿನಲ್ಲಿ ಹೊರಟರೆ ಅಮ್ಮಾಪೇಟೆ, ಸೂರಮಂಗಲಂ, ಹಸ್ತಂಪಟ್ಟಿ, ಹೀಗೆ ಸೇಲಂನ ಬಡಾವಣೆಗಳು. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು. ಯಾರೂ ಕರೆಯದೆ ಇಡೀ ಬೆಳಗು ಕಳೆಯುತ್ತಿತ್ತು.

ಆದರೂ ಅವಳು ಬಿಡುಗಡೆಯಾಗಿರಲಿಲ್ಲ. ಹಾಸಿಗೆ ಹಿಡಿದ ಮುದುಕಿಯರ ತೋಳಿಗೆ ಪಟ್ಟಿ ಕಟ್ಟುವಾಗ ಅತ್ತೆ ಕಣ್ಣ ಮುಂದೆ ಬರುತ್ತಿದ್ದಳು. 'ಗಂಜಿ ಕುಡಿದಳೋ ಇಲ್ಲವೋ...' ರಘುನಾಥನ ಮೇಲಿನ ಸಿಟ್ಟು ಕರಗಲಿಲ್ಲ. ಅವನ ನೆನಪೂ ಕರಗಲಿಲ್ಲ. ಹೊಸ ಹಾಸ್ಟೆಲಿನ ಕೋಣೆಯಲ್ಲೂ ಅದೇ ಹಳೆಯ ಗೋಡೆಗಳು ಅವಳ ಜೊತೆ ಬಂದಿದ್ದವು.

ಒಂದು ಭಾನುವಾರ ರೋಜಾ ಹೊರಗಿನಿಂದ ಕೋಣೆಗೆ ಬಂದಳು. "ನಿನ್ನ ನೋಡೋಕೆ ಯಾರೋ ಬಂದವ್ರೆ."

ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ, ಏದುಸಿರು ಬಿಡುತ್ತಾ, ಪಾಪಮ್ಮ ನಿಂತಿದ್ದಳು. ಕಂಕುಳಲ್ಲಿ ಕಡಲೆಕಾಯಿಯ ಗಂಟು.

"ನಿಮ್ಮಪ್ಪನ ಅತ್ರ ಅಡ್ರೆಸ್ ಕೇಳ್ಕಂಡು, ಬಸ್ ಅತ್ತಿ, ಬಸ್ ಇಳ್ದು, ಮೆಟ್ಲು ಅತ್ತಿ ಬಂದೆ," ಎಂದಳು. "ನಿನ್ ಕಣ್ಮುಂದೆ ನಡ್ದು ತೋರ್ಸ್ಬೇಕು ಅನ್ಸ್ತು."

ಜಯಪ್ರಿಯಾ ಅವಳನ್ನು ಹಿಡಿದು ಮಂಚದ ಮೇಲೆ ಕೂರಿಸಿ ನೀರು ಕೊಟ್ಟಳು. ಪಾಪಮ್ಮ ಲೋಟ ಖಾಲಿ ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮಗ ನನ್ ಬಿಟ್ಟು ಓದ. ನೀನೂ ಬಿಟ್ಟು ಓದ್ರೆ ನನ್ನ ಯಾರು ಕೂಗ್ತಾರೆ ಅನ್ಕಂಡೆ. ಆ ಭಯಕ್ಕೆ ನಿನ್ ಕಾಲು ಮುರ್ದೆ ಕಣೆ ಜಯಾ. ಈಗ ಪಕ್ಕದ್ಮನೆ ಸಿದ್ದಲಕ್ಷ್ಮಮ್ಮನ ಕುರಿ ಜೊತೆ ಓಗ್ತಾ ಇವ್ನಿ. ಮೊದ್ಲಿನಂಗೆ. ಕಾಡಂಚಿಗೆ ಓದ್ರೆ ಒತ್ತು ಓಗದೇ ಗೊತ್ತಾಗಾಕಿಲ್ಲ."

"ಮಾತ್ರೆ ತಗೊತಿದ್ದೀರಾ?"

"ತಗೊತೀನಿ." ಪಾಪಮ್ಮ ಖಾಲಿ ಲೋಟವನ್ನು ಕೆಳಗಿಟ್ಟಳು. "ಇನ್ನೊಂದು ಮಾತು ಏಳ್ಬೇಕು. ಅವತ್ತು ಡಾಕ್ಟ್ರಿಗೆ ಬರೀ ಕೈ ಮುಗೀಲಿಲ್ಲ ನಾನು. ಅವ್ನ ಮನ್ಸಾಗೆ ನೀನಿರಾದು ನಂಗೆ ಮೊದ್ಲೇ ಗೊತ್ತಾಗಿತ್ತು. 'ಅವಳು ಊರು ಬಿಟ್ಟು ಓದ್ರೆ ನೀನೂ ಅವಳ್ನ ನೋಡಾಂಗಿಲ್ಲ, ಯೋಚ್ನೆ ಮಾಡು' ಅಂದಿದ್ದೆ. ಅವ್ನ ಬಾಯಿಗೆ ಬೀಗ ಆಕಿದ್ದು ಆ ಮಾತು."

ಜಯಪ್ರಿಯಾ ಕಿಟಕಿಯ ಕಡೆ ತಿರುಗಿದಳು.

"ಅವ್ನ್ ಮಾಡಿದ್ದು ಸರಿ ಅನ್ನಾಕಿಲ್ಲ ನಾನು," ಪಾಪಮ್ಮ ಮುಂದುವರಿಸಿದಳು. "ನೀನ್ ಓದ್ಮೇಲೆ ಬಂದು ನನ್ ಮುಂದೆ ಕೂತು, 'ನಾನು ವೈದ್ಯನ ಕೆಲ್ಸ ಮಾಡ್ಲಿಲ್ಲ, ನೀವು ಬ್ಯಾರೆ ಡಾಕ್ಟ್ರ ನೋಡ್ಕಳಿ' ಅಂದ. ಈಗ ಭಾನ್ವಾರ ಭಾನ್ವಾರ ಊರಿನ ಎಂಗಸ್ರಿಗೆ ಆಯುರ್ವೇದ ಅಂದ್ರೆ ಏನು ಅಂತ ಪಾಠ ಏಳ್ತಾನೆ. ನಾನೂ ಓಗಿದ್ದೆ. ಬಡಕಲಾಗವ್ನೆ." ಸೊಸೆಯ ಕೈ ಹಿಡಿದುಕೊಂಡಳು. "ನೀನು ಯಾರ್ನಾದ್ರೂ ಕಟ್ಕೋ, ಬಿಡು, ಇಲ್ಲೇ ಇರು. ನಾನು ಅಡ್ಡ ಬರಾಕಿಲ್ಲ. ಒಂದೊಂದ್ಸಲ ಪೋನ್ ಮಾತ್ರ ಮಾಡು."

ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಜಯಪ್ರಿಯಾ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಳು. ಬಹಳ ಕಾಲದ ನಂತರ ಉಸಿರು ಹೊಟ್ಟೆಯ ತಳದವರೆಗೂ ಇಳಿಯಿತು.

* * *

ಮತ್ತೆ ಕೆಲವು ಭಾನುವಾರಗಳು ಕಳೆದವು. ಒಂದು ಭಾನುವಾರ ಬೆಳಿಗ್ಗೆ ಅವಳು ತಾನಾಗಿಯೇ ಕೊಳತ್ತೂರಿನ ಬಸ್ಸು ಹತ್ತಿದಳು. ಹೋಗು ಎಂದವರಿಲ್ಲ, ಬೇಡ ಎಂದವರೂ ಇಲ್ಲ.

ಪಾಠ ನಡೆಯುತ್ತಿದ್ದ ಶಾಲೆಯ ಕೋಣೆಯಲ್ಲಿ ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಜಯಪ್ರಿಯಾ ಸದ್ದಿಲ್ಲದೆ ಎಲ್ಲರ ಹಿಂದೆ ಕೂತಳು. ರಘುನಾಥ ಬೋರ್ಡಿನ ಕಡೆ ಮುಖ ಮಾಡಿ ಏನೋ ಬರೆಯುತ್ತಿದ್ದ.

"ಚಿಕಿತ್ಸೆಗೆ ನಾಲ್ಕು ಕಾಲು," ಎಂದ. "ವೈದ್ಯ, ಔಷಧಿ, ಆರೈಕೆ ಮಾಡೋರು, ರೋಗಿ. ನಾಲ್ಕರಲ್ಲಿ ಒಂದು ಸೊಟ್ಟಗಾದ್ರೂ ಮಂಚ ಅಲ್ಲಾಡ್ತದೆ. ಆರೈಕೆ ಮಾಡೋರು ಅಂದ್ರೆ ಮನೆ ಹೆಂಗಸ್ರು ಅಂತ ನಾವೆಲ್ಲ ಸುಲಭವಾಗಿ ಅನ್ಕೊತೀವಿ. ಅವರಿಗೂ ಒಂದು ಜೀವ, ಒಂದು ಆಸೆ ಐತೆ ಅಂತ ಕೇಳಲ್ಲ. ನಾನು ವೈದ್ಯನಾಗಿ ಅಂಥ ಒಬ್ಬರಿಗೆ ಸುಳ್ಳು ಹೇಳಿದ್ದೆ. ರೋಗಿ ಎದ್ದು ಓಡಾಡಿದ್ರು, ಆದ್ರೆ ಆ ಚಿಕಿತ್ಸೆ ಗೆದ್ದಿತು ಅಂತ ನಾನು ಹೇಳ್ಕೊಳ್ಳಲ್ಲ."

ತಿರುಗಿದ. ಅವಳನ್ನು ಕಂಡ. ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು.

"ಅಪ್ಪುರಂ ಎನ್ನ ಡಾಕ್ಟರ್? ಮುಂದೆ ಹೇಳಿ," ಎಂದಳು ಮುಂದಿನ ಸಾಲಿನ ಹೆಂಗಸೊಬ್ಬಳು.

ಅವನು ಮುಂದೆ ಹೇಳಿದ. ಏನು ಹೇಳಿದನೆಂದು ಬಹುಶಃ ಅವನಿಗೂ ನೆನಪಿಲ್ಲ.

ಎಲ್ಲರೂ ಹೋದ ಮೇಲೆ ಇಬ್ಬರೂ ರಸ್ತೆಬದಿಯ ಬೇವಿನಮರದ ಕೆಳಗೆ ನಿಂತರು.

"ಅವತ್ತು ಕಾರಣ ಹೇಳಲ್ಲ ಅಂದ್ರಿ," ಎಂದಳು ಜಯಪ್ರಿಯಾ. "ಈಗ ನಾನೇ ಕೇಳ್ತಿದ್ದೀನಿ. ಹೇಳಿ."

"ಪಾಪಮ್ಮನಿಗೋಸ್ಕರ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ನಿಜ ಅದಲ್ಲ. ನೀವು ಹೋದ್ರೆ ಆ ಜಗಲಿಗೆ ಬರೋಕೆ ನನಗೆ ಯಾವ ಕಾರಣನೂ ಇರ್ತಿರಲಿಲ್ಲ. ನನಗೆ ಬೇಕಾಗಿದ್ದಕ್ಕೆ ನಿಮ್ಮನ್ನ ಅಲ್ಲೇ ಇಟ್ಟೆ." ಅವನ ದನಿ ಒಡೆಯಿತು. "ನಿಮ್ಮನ್ನ ಇಷ್ಟಪಟ್ಟೆ ಅಂತ ಹೇಳೋ ಧೈರ್ಯ ಇರ್ಲಿಲ್ಲ, ಸುಳ್ಳು ಹೇಳೋ ಧೈರ್ಯ ಇತ್ತು. ಯೋಚಿಸಿದ್ರೆ ನಾಚಿಕೆ ಆಗ್ತದೆ."

"ಈಗ ಇಷ್ಟ ಐತಾ?"

"ಐತೆ."

ಅವಳ ಕಣ್ಣು ತುಂಬಿತು, ಆದರೆ ದನಿ ಗಟ್ಟಿಯಾಗಿತ್ತು. "ನಾನು ಸೇಲಂ ಕೆಲಸ ಬಿಡಲ್ಲ. ಮದುವೆ ಆದ್ರೂ ಬಿಡಲ್ಲ. ಅತ್ತೆನೂ ಬಿಡಲ್ಲ."

ಮದುವೆ ಎಂಬ ಮಾತು ಅವಳ ಬಾಯಿಂದ ಬಂದದ್ದು ಅವನಿಗೆ ನಂಬಲಾಗಲಿಲ್ಲ. "ಬಿಡಬೇಡಿ," ಎಂದ. "ನಾನು ಬಸ್ಸಲ್ಲಿ ಓಡಾಡ್ತೀನಿ. ಎಲ್ಲಿಗೆ ಬಾ ಅಂತೀರೋ ಅಲ್ಲಿಗೆ."

ದೂರದಿಂದ ಮೆಟ್ಟೂರಿನ ಬಸ್ಸು ಹಾರ್ನ್ ಹಾಕುತ್ತಾ ಬಂದು ಅವರೆದುರು ನಿಂತಿತು. ಕಂಡಕ್ಟರ್ ಅವಳ ಮುಖ ನೋಡಿದ. ರಘುನಾಥ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ.

ಅವಳು ಹತ್ತಲಿಲ್ಲ. ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು.

"ನಿಮ್ಮ ಬಸ್ಸು..."

"ಇನ್ನೊಂದು ಬರ್ತದೆ. ಅಲ್ಲಿವರೆಗೂ ಟೀ ಕುಡಿಯೋಣ," ಎಂದಳು. "ನನಗೆ ಸಕ್ಕರೆ ಜಾಸ್ತಿ ಬೇಕು. ಡಾಕ್ಟರ್ ಆಗಿ ಅಡ್ಡ ಬರ್ಬೇಡಿ."

"ಬರಲ್ಲ, ಜಯಾ," ಎಂದ ರಘುನಾಥ. ಮೊದಲ ಸಲ ಅವಳನ್ನು ಬರೀ ಹೆಸರು ಹಿಡಿದು ಕರೆದಿದ್ದ.

"ಇನ್ನೊಂದ್ಸಲ ಕರೀರಿ," ಎಂದಳು ಅವಳು.